ಸೊಪ್ಪಿನ ಮೇಲೊಂದು ಕಲ್ಲು

ಆಲೂರು ಬಸ್ ಸ್ಟ್ಯಾಂಡ್ ಹತ್ತಿರ ಧರ್ಮನ ಕೈಯಲ್ಲಿ ಬಟ್ಟೆ ಹೊಲಿಸಿಕೊಂಡವರಿಗೆಲ್ಲ ಅವನ ಆನೆ ಕತೆ ಗೊತ್ತಿರುತ್ತೆ. ಟೇಪನ್ನು ಕೊರಳಿಗೆ ಹಾಕಿಕೊಂಡು ಶುರು ಮಾಡಿದನೆಂದರೆ, ಪ್ಯಾಂಟಿನ ಅಳತೆ ಮುಗಿಯುವುದರೊಳಗೆ ಆನೆ ಬಂದು ಹೋಗಿರುತ್ತೆ. ಅವನ ಅಂಗಡಿಯ ಎದುರಿಗೇ ನನ್ನ ಸೈಕಲ್ ಶಾಪು. ಪಂಕ್ಚರ್ ಹಾಕ್ತಾ ಹಾಕ್ತಾ ಆ ಕತೆಯನ್ನ ಎಷ್ಟು ಸಲ ಕೇಳಿದ್ದೀನೋ ನನಗೇ ಗೊತ್ತಿಲ್ಲ. ಒಂದು ಸಲವೂ ನಡುವೆ ಬಾಯಿ ಹಾಕಿಲ್ಲ. ಈಗ ಹಾಕ್ತೀನಿ.

ಬಸ್ಸಿನಲ್ಲಿ ಅರ್ಧ ದಿನದ ದಾರಿಗೆ ಹೋಗಿಬಂದು ಪ್ರವಾಸ ಅಂತ ಬರೀತಾನಲ್ಲ ಅಂತ ನಗಬೇಡಿ. ದೇಶ ಬೇರೆ ಆಗೋಕೆ ಸಮುದ್ರವನ್ನೇ ದಾಟಬೇಕು ಅಂತೇನಿಲ್ಲ. ನಮ್ಮದೇ ಜಿಲ್ಲೆ, ನಮ್ಮದೇ ಮಾತು. ಆದರೂ ಸಕಲೇಶಪುರ ದಾಟಿ ಘಾಟಿನ ಕಡೆ ಮುಖ ಮಾಡಿದರೆ ನಾವು ಹೊರಗಿನವರೇ. ನಮ್ಮಲ್ಲಿ ದಾರಿ ಕೇಳಿದರೆ ಕೈ ತೋರಿಸಿ ಕಳಿಸ್ತಾರೆ. ಅಲ್ಲಿ ಜಗಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು, ಯಾರ ಪೈಕಿ ಅಂತ ವಿಚಾರಿಸಿ, ಎಲ್ಲ ಆದಮೇಲೆ "ಆ ದಾರೀಲಿ ಯಾಕ್ರೀ ಹೋಗ್ತೀರಿ?" ಅಂತಾರೆ. ಅಷ್ಟು ಹೊತ್ತು ಕೂರೋದು ನನ್ನಂಥವನಿಗೆ ಶಿಕ್ಷೆ.

ಯಾಕೆಂದರೆ ನನಗೆ ಕೂತಲ್ಲಿ ಕೂರೋಕಾಗಲ್ಲ. "ನಿನ್ನ ಕುಂಡೀಗೆ ಮುಳ್ಳು ಚುಚ್ಚೈತೆ ಕಣ್ಲಾ" ಅಂತ ನಮ್ಮವ್ವ ದಿನಾ ಬಯ್ಯೋಳು. ಅಂಥವನಿಗೆ ಸಿಕ್ಕಿದ ಕಸುಬು ಸೈಕಲ್ ರಿಪೇರಿ. ನಾನು ರಿಪೇರಿ ಮಾಡಿದ ಸೈಕಲ್ಲುಗಳೆಲ್ಲ ಊರೂರು ತಿರುಗುತ್ತವೆ, ನಾನು ಮಾತ್ರ ಅದೇ ಮರದ ಪೆಟ್ಟಿಗೆ ಮೇಲೆ. ಒಂದು ದಿನ ರೇಗಿಹೋಗಿ, "ಕಾಡು ದಾರೀಲಿ ಸೈಕಲ್ ಹೊಡ್ಕೊಂಡು ಹೋಗಿ ಬತ್ತೀನಿ" ಅಂದೆ. ಎದುರಿನಿಂದ ಧರ್ಮ, "ನಾನೂ ಬತ್ತೀನಿ" ಅಂದ.

"ನಿಂಗೆ ದಮ್ಮಿನ ಕಾಯ್ಲೆ ಐತಲ್ಲೋ" ಅಂದೆ.

"ಇದ್ರೆ ಇರ್ಲಿ. ಇಪ್ಪತ್ತು ವರ್ಷದಿಂದ ಮಿಷನ್ ತುಳೀತಾ ಇದ್ದೀನಿ ಕಣೋ ಲಿಂಗ, ಒಂದಡೀನೂ ಮುಂದಕ್ಕೆ ಹೋಗಿಲ್ಲ" ಅಂದ.

ಅವತ್ತೇ ಅವನ ಸೈಕಲ್ಲನ್ನೂ ರಿಪೇರಿಗೆ ಎಳೆದುಕೊಂಡೆ.

ಹೆಗ್ಗದ್ದೆ, ಲೈನಿನ ಮುಂದೆ

ಊರಿಗೆ ಎಸ್‌ಟಿಡಿ ಬೂತು ಬಂದು ಎರಡು ವರ್ಷವಾಗಿದ್ದ ಕಾಲ ಅದು. ಮೊಬೈಲನ್ನ ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಾಫಿ ಕುಯ್ಲು ಆಗಷ್ಟೇ ಶುರುವಾಗಿತ್ತು. ಬಸ್ಸಿನ ಟಾಪಿನ ಮೇಲೆ ಸೈಕಲ್ಲು ಹೇರಿಕೊಂಡು ಹಿಂದಿನ ದಿನ ಸಂಜೆಯೇ ಹೆಗ್ಗದ್ದೆ ಕಡೆಗೆ ಬಂದು, ಪುಟ್ಟರಾಜುವಿನ ಮನೆಯಲ್ಲಿ ಉಳಿದಿದ್ದೆವು. ಪುಟ್ಟರಾಜು ನಮ್ಮಿಬ್ಬರ ಜೊತೆ ಸ್ಕೂಲಿಗೆ ಬಂದವನು, ಈಗ ಅಲ್ಲೊಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್. ಭಾನುವಾರ ಅವನಿಗೂ ರಜೆ, ಸೈಕಲ್ ತಗೊಂಡು ಅವನೂ ನಮ್ಮ ಜೊತೆಗೆ ಬರೋನು. ಹೆಗ್ಗದ್ದೆಯಿಂದ ಕಾಡಿನೊಳಗಿನ ಹಳೇ ನಾಟಾ ಲಾರಿಗಳ ದಾರಿ ಹಿಡಿದು ಸಂಜೆಯೊಳಗೆ ಹೊಂಗಡಹಳ್ಳ ಸೇರೋದು, ಅಲ್ಲಿ ಅವನ ಅಕ್ಕನ ಮನೆಯಲ್ಲಿ ಊಟ. ಇಷ್ಟು ನಮ್ಮ ಪ್ಲಾನು.

ಬೆಳಿಗ್ಗೆ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ಸೈಕಲ್ಲುಗಳಿಗೆ ಸಾಮಾನು ಕಟ್ಟುವಾಗ ಕೂಲಿ ಹೆಂಗಸರು ಸುತ್ತ ನಿಂತು ನೋಡಿದರು. ಕ್ಯಾರಿಯರ್‌ನ ಎರಡೂ ಕಡೆಗೆ ಇಳಿಬೀಳುವ ಹಾಗೆ ಧರ್ಮ ಹಳೇ ಟಾರ್ಪಾಲಿನಲ್ಲಿ ನಮ್ಮಿಬ್ಬರಿಗೂ ಜೋಡಿ ಚೀಲ ಹೊಲಿದಿದ್ದ. ಒಂದರಲ್ಲಿ ಕಂಬಳಿ, ಒಂದರಲ್ಲಿ ಅವಲಕ್ಕಿ, ಬೆಲ್ಲ, ಪಾತ್ರೆ. ಎಲ್ಲಾ ಸೇರಿಸಿ ನನ್ನ ಅಂಗಡಿಯ ಹರಿದ ಟ್ಯೂಬುಗಳಲ್ಲಿ ಬಿಗಿದಿದ್ದೆವು.

"ಪಾತ್ರೆ ಮಾರೋಕ್ ಬಂದಿದ್ದೀರೇನಣ್ಣ?" ಅಂತ ಒಬ್ಬಾಕೆ ಕೇಳಿದಳು.

"ಇಲ್ಲ, ಸುಮ್ನೆ ಹೋಗ್ತಾ ಇದ್ದೀವಿ."

"ಸುಮ್ನೆ? ಕಾಡ್ನಾಗೆ?" ಆಕೆ ಪಕ್ಕದವಳ ಮುಖ ನೋಡಿ ಸೆರಗು ಬಾಯಿಗೆ ಹಿಡಿದಳು.

ಹೊರಡುವ ಮುಂಚೆ ಧರ್ಮ ತನ್ನ ಸೈಕಲ್ಲಿನ ಬೆಲ್ಲನ್ನ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹೊಳೆಯುವ ಹಾಗೆ ಮಾಡಿದ. ಹೊಸ ಬೆಲ್ಲು, ಹಟ ಮಾಡಿ ನನ್ನ ಕೈಲೇ ಹಾಕಿಸಿಕೊಂಡಿದ್ದ. "ಕಾಡಲ್ಲಿ ಯಾರಿಗೋ ಬೆಲ್ಲು? ಆನೆ ಸೈಡ್ ಕೊಡ್ತದಾ?" ಅಂತ ನಾನು ಆಡಿಕೊಂಡೆ. ಅವನು ಇನ್ನೊಂದು ಸಲ ಟ್ರಿಣ್ ಅನ್ನಿಸಿದ.

ಮೊದಲ ಕವಲು

ಕಾಫಿ ತೋಟ ಮುಗಿದು ಕಾಡು ಶುರುವಾಗುವ ಕಡೆ ದಾರಿ ಎರಡಾಯಿತು. ಪುಟ್ಟರಾಜು ಅಲ್ಲಿ ಇಳಿದು, ಕೈಗೆ ಸಿಕ್ಕ ಹಸಿ ಟೊಂಗೆ ಮುರಿದು ಒಂದು ದಾರಿಗೆ ಅಡ್ಡ ಹಾಕಿದ. ಆಮೇಲೆ ಹುಡುಕಿಕೊಂಡು ಹೋಗಿ ತೆಂಗಿನಕಾಯಿ ಗಾತ್ರದ ಕಲ್ಲು ತಂದು ಸೊಪ್ಪಿನ ಮೇಲಿಟ್ಟ.

"ನೋಡ್ಕೊಳ್ರಪ್ಪ. ನಮ್ ಕಡೆ ಮುಂದೆ ಹೋಗೋನು ಹಿಂದೆ ಬರೋನಿಗೆ ಹಿಂಗ್ ಮಾಡಿ ಹೋಗ್ಬೇಕು. ಸೊಪ್ಪು ಬಿದ್ದಿರೋ ದಾರಿಗೆ ಹೋಗ್ಬಾರ್ದು, ಇನ್ನೊಂದಕ್ಕೆ ಹೋಗ್ಬೇಕು. ಕಲ್ ಮಾತ್ರ ಮರೀಬ್ಯಾಡಿ."

"ಕಲ್ ಯಾತಕ್ಕೆ? ಗಾಳಿಗಾ?" ಅಂದೆ ನಾನು.

"ಗಾಳಿಗಲ್ಲ ಮಾರಾಯ. ಕಾಡಲ್ಲಿ ಸೊಪ್ಪು ತಾನಾಗೇ ಬೀಳ್ತದೆ, ಮಂಗ ಮುರಿದು ಹಾಕ್ತದೆ. ಕಲ್ಲಿದ್ರೆ ತಾನೇ ಮನುಷ್ಯ ಹಾಕಿದ್ದು ಅಂತ ಗೊತ್ತಾಗೋದು? ಕಲ್ಲಿಟ್ಟ ಸೊಪ್ಪನ್ನ ಇಲ್ಲಿ ಯಾರೂ ಮುಟ್ಟಲ್ಲ."

ಧರ್ಮ ಮರಕ್ಕೆ ಒರಗಿ ಉಸಿರು ಹುಡುಕಿಕೊಳ್ಳುತ್ತಾ ಕೇಳಿಸಿಕೊಂಡ. ಅಷ್ಟರಲ್ಲೇ ಅವನ ಎದೆಯೊಳಗೆ ಸಿಳ್ಳೆ ಶುರುವಾಗಿತ್ತು. ಪುಟ್ಟರಾಜು ನನ್ನನ್ನ ಪಕ್ಕಕ್ಕೆ ಕರೆದು, "ಮೂರು ಜನ ಹೇಳ್ದೆ ಕೇಳ್ದೆ ಹೋಗಿ ನಿಂತ್ರೆ ಅಕ್ಕ ಕೋಳಿ ಎಲ್ಲಿಂದ ತತ್ತಾಳೆ, ನಾ ಒಳದಾರೀಲಿ ಮುಂದೆ ಹೋಗಿ ತಿಳಿಸ್ತೀನಿ, ಅದು ಬರೀ ಏರು, ಧರ್ಮಂಗೆ ಆಗಲ್ಲ" ಅಂದ. ಇನ್ನು ಮೂರು ಕವಲು ಸಿಗುತ್ತವೆ, ಮೊದಲೆರಡರಲ್ಲಿ ಎಡಕ್ಕೆ, ಮೂರನೆಯದರಲ್ಲಿ, ಅಲ್ಲೊಂದು ನೆಲ್ಲಿಮರ ಐತೆ, ಬಲಕ್ಕೆ. ಇಷ್ಟು ಹೇಳಿ, "ಧರ್ಮನ್ನ ಬುಟ್ಟು ಹೋಗ್ಬ್ಯಾಡ ಕಣೋ" ಅಂತ ನನ್ನ ಭುಜ ತಟ್ಟಿ ಪೆಡಲ್ ತುಳಿದ.

"ನಾನೇನ್ ಚಿಕ್ ಹುಡುಗನಾ?" ಅಂದುಕೊಂಡೆ.

ಹೊಳೆ

ನಿಧಾನಕ್ಕೆ ಹೋಗೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ಏರು ಬಂದರೆ ಧರ್ಮ ಇಳಿದು ತಳ್ಳುತ್ತಾನೆ. ಇಳಿಜಾರು ಬಂದರೆ ಹೆದರಿ ಇಳಿದು ಹಿಡಿದುಕೊಂಡು ಹೋಗುತ್ತಾನೆ. ಸಮ ಸಿಕ್ಕಿದರೆ ನಿಂತು ಹೂವು ನೋಡುತ್ತಾನೆ. ಒದ್ದೆ ಎಲೆಯ ಮೇಲೆ ನಿಂತಾಗ ಜಿಗಣೆ ಹತ್ತಿದರೆ ಅದನ್ನ ಬಿಡಿಸೋಕೆ ಕಾಲು ಗಂಟೆ. ಬಿಡಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ನೋಡೋಕೆ ಇನ್ನೈದು ನಿಮಿಷ. ನಾನು ಮುಂದೆ ಹೋಗಿ ಕಾಯುವುದು, ತಡೆಯಲಾರದೆ ವಾಪಸ್ ಬರುವುದು, ಮತ್ತೆ ಮುಂದೆ ಹೋಗುವುದು. ಅವನು ಒಂದು ಸಲ ತುಳಿದ ದಾರಿಯನ್ನ ನಾನು ಮೂರು ಸಲ ತುಳಿದೆ. ಒಂದು ಏರಿನಲ್ಲಿ ಕೊನೆಗೆ, "ತತ್ತಾ ಇಲ್ಲಿ" ಅಂತ ಅವನ ಜೋಡಿ ಚೀಲವನ್ನೂ ಬಿಚ್ಚಿ ನನ್ನ ಕ್ಯಾರಿಯರಿಗೆ ಹೇರಿಕೊಂಡೆ. ಅವನಿಗೆ ಸುಲಭ ಆಗಲಿ ಅಂತ ಅಲ್ಲ, ಬೇಗ ಬರಲಿ ಅಂತ.

ಎರಡು ಕವಲು ಹಾಗೇ ದಾಟಿದವು. ಎರಡರಲ್ಲೂ ನಾನು ಮುಂದಿದ್ದೆ, ಸೊಪ್ಪು ಹಾಕಿದೆ, ಕಲ್ಲೂ ಇಟ್ಟೆ. ಧರ್ಮ ಸರಿಯಾಗಿ ಬಂದ.

ಹೊಳೆ ಸಿಕ್ಕಿತು. ಬಂಡೆ ಮೇಲೆ ಕೂತು ಅವಲಕ್ಕಿ ತಿಂದೆವು. ನಮ್ಮೂರಿನ ಕೆರೆ ನೀರಿಗೆ ಬಣ್ಣ ಇರುತ್ತೆ, ಇಲ್ಲಿ ನೀರು ಇದೆಯೋ ಇಲ್ಲವೋ ಅಂತ ಕೈ ಅದ್ದಿ ನೋಡಬೇಕು, ಅಷ್ಟು ತಿಳಿ. ಧರ್ಮ ಪ್ಯಾಂಟು ಮಡಚಿ ಕಾಲು ಇಳಿಬಿಟ್ಟು ಕೂತ. ಅವನ ಮುಖ ನೋಡಿದರೆ ಅವನ ಪ್ರವಾಸ ಅಲ್ಲಿಗೇ ಮುಗಿದ ಹಾಗಿತ್ತು. ನಾನು ಎದ್ದೆ, ಕೂತೆ, ಚೈನ್ ನೋಡಿದೆ, ಬ್ರೇಕ್ ನೋಡಿದೆ, ಮತ್ತೆ ಎದ್ದೆ.

"ಏಳೋ, ಹೊತ್ತಾಯ್ತು."

"ಇನ್ನೊಂದ್ ಸ್ವಲ್ಪ ಹೊತ್ತು ಕೂರೋಣ. ಮೀನು ಕಾಲ್ ಕಚ್ತಾ ಅವೆ, ಬಾ ನೋಡು."

"ನಿನ್ ಮೀನು ನೋಡ್ತಾ ಕೂತ್ರೆ ಹೊಂಗಡಹಳ್ಳ ತಾನಾಗೇ ನಡ್ಕೊಂಡ್ ಬರಲ್ಲ."

ಧರ್ಮ ತಿರುಗಿ ನೋಡಿದ. ಅವನಿಗೆ ಸಿಟ್ಟು ಬರೋದು ಕಡಿಮೆ. "ನಿಂಗೆ ಎಲ್ಲಿಗ್ ಹೋಗ್ಬೇಕು ಅಂತ ಗೊತ್ತಾ ಲಿಂಗ? ಗೊತ್ತಿಲ್ಲ. ಹೋಗ್ಬೇಕು, ಅಷ್ಟೆ. ಹೊಂಗಡಹಳ್ಳಕ್ಕೆ ಹೋದ್ ತಕ್ಷಣ ಅಲ್ಲಿಂದ ಎತ್ಲಾಗ್ ಹೋಗೋದು ಅಂತೀಯ. ನೀ ನಡಿ ಮಾರಾಯ. ಸೊಪ್ಪು ಹಾಕ್ಕೊಂಡು ಹೋಗು, ನಾ ಹಿಂದೆ ಬತ್ತೀನಿ."

ಸತ್ಯ ಹೇಳಿದ್ದಕ್ಕೋ ಏನೋ, ನನಗೆ ಮೈ ಉರಿದುಹೋಯಿತು. ತಿರುಗಿ ಕೂಡ ನೋಡದೆ ಸೈಕಲ್ ಹತ್ತಿದೆ.

ನೆಲ್ಲಿಮರದ ಕವಲು

ಸಿಟ್ಟು ಇಳಿಯೋ ಮುಂಚೆ ಮೂರನೇ ಕವಲು ಬಂತು. ಎಡದ ದಾರಿ ಅಗಲ, ಬಲದ್ದು ಕಿರಿದು. ಗೊತ್ತಿಲ್ಲದವರು ಯಾರಾದರೂ ಎಡಕ್ಕೇ ಹೋಗಬೇಕು, ಹಾಗಿತ್ತು. ಆದರೆ ಬಲಗಡೆ ಮುಂದೆ ಇಳಿಜಾರು. ಮರಗಳ ಸಂದಿಯಲ್ಲಿ ಬಿಸಿಲು ಕಾಣುತ್ತಿತ್ತು. ಬೆಳಗಿನಿಂದ ಮೊದಲ ಸಲ ಆಕಾಶ ಅನ್ನೋದು ಕಂಡಿತ್ತು. ನನ್ನ ಕಾಲು ಪೆಡಲ್ ಬಿಟ್ಟು ಇಳಿಯೋಕೆ ಒಪ್ಪಲಿಲ್ಲ.

ಒಂದು ಕಾಲು ನೆಲಕ್ಕೆ ಊರಿ, ಸೀಟಿನ ಮೇಲಿಂದಲೇ ಕೈ ಚಾಚಿ ನೆಲ್ಲಿ ಟೊಂಗೆ ಮುರಿದೆ. ಎರಡು ಮೂರು ಕಾಯಿ ಇದ್ದವು. ಎಡದ ದಾರಿಗೆ ಅಡ್ಡ ಎಸೆದೆ. ಕಲ್ಲು? ಸುತ್ತ ನೋಡಿದೆ. ಕಲ್ಲಿದ್ದದ್ದು ಹಿಂದೆ, ಚರಂಡಿಯಲ್ಲಿ, ಒಂದಿಪ್ಪತ್ತು ಹೆಜ್ಜೆ. ಸೈಕಲ್ ಸ್ಟ್ಯಾಂಡ್ ಹಾಕಬೇಕು, ನಡೆಯಬೇಕು, ಬಗ್ಗಬೇಕು, ಎತ್ತಬೇಕು, ಹೊತ್ತು ತರಬೇಕು. ಇಷ್ಟು ದಪ್ಪ ಟೊಂಗೆ ಕಾಣದೇ ಇರುತ್ತಾ ಅಂದುಕೊಂಡು ಬ್ರೇಕ್ ಬಿಟ್ಟೆ.

ಆ ಇಳಿಜಾರು ಮಾತ್ರ ಎಂಥ ಇಳಿಜಾರು ಅಂತೀರಿ! ಕಿವಿಯಲ್ಲಿ ಗಾಳಿ, ಚೀಲಗಳೆಲ್ಲ ದಡಬಡ, ಬಾಯಲ್ಲಿ ಕೇಕೆ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ.

ಗದ್ದೆಯ ಬದು

ಕಾಡು ಮುಗಿದಲ್ಲಿ ಗದ್ದೆ. ಭತ್ತ ಹಳದಿಗೆ ತಿರುಗಿತ್ತು. ಬದುವಿನ ಮೇಲೆ ಸೈಕಲ್ ಮಲಗಿಸಿ ಕಾದೆ. ಮೂರೂವರೆ ಆಯಿತು. ಬೈಕೊಂಡು ಕಾದೆ. ನಾಲ್ಕಾಯಿತು. ಮತ್ತೆ ಮೀನು ನೋಡ್ತಾ ಕೂತಿರಬೇಕು ಅಂದುಕೊಂಡೆ. ಹೊಟ್ಟೆ ಹಸೀತು. ಬೆಲ್ಲಕ್ಕೆ ಅಂತ ಚೀಲಕ್ಕೆ ಕೈ ಹಾಕಿದೆ. ಅದು ಧರ್ಮನ ಚೀಲ. ಕೈಗೆ ಸಿಕ್ಕಿದ್ದು ಬೆಲ್ಲವಲ್ಲ, ತಗಡಿನ ಡಬ್ಬಿ. ಅಲ್ಲಾಡಿಸಿದರೆ ಗಲಗಲ ಅಂತು.

ಅವನ ದಮ್ಮಿನ ಮಾತ್ರೆ.

ಅಯ್ಯೋ ದೇವರೇ ಅಂತ ಬಾಯಿಂದ ತಾನಾಗೇ ಬಂತು. ಅಂಗಡಿಯಲ್ಲಿ ಅವನಿಗೆ ಉಬ್ಬಸ ಬಂದದ್ದನ್ನ ನಾನು ಎದುರಿಗೇ ಕೂತು ನೋಡಿದವನು. ಮೇಜು ಹಿಡಿದು ಬಗ್ಗಿ ನಿಂತುಬಿಡುತ್ತಾನೆ, ಮಾತೇ ಹೊರಡಲ್ಲ, ತುಟಿ ನೇರಳೆಹಣ್ಣಿನ ಬಣ್ಣಕ್ಕೆ ಬರುತ್ತೆ, ಮಾತ್ರೆ ಒಳಗೆ ಹೋದರೆ ಮಾತ್ರ ಬಿಟ್ಟುಕೊಡುತ್ತೆ. ಆ ಮಾತ್ರೆಯನ್ನ ಹೊತ್ತುಕೊಂಡು ಇಳಿಜಾರಿನಲ್ಲಿ ಕೇಕೆ ಹಾಕಿ ಬಂದಿದ್ದೆ.

ಸಾಮಾನೆಲ್ಲ ಬದುವಿನ ಮೇಲೆ ಕಿತ್ತೆಸೆದು, ಡಬ್ಬಿ ಜೇಬಿಗೆ ಹಾಕಿಕೊಂಡು ತಿರುಗಿ ಹತ್ತಿದೆ. ಇಳಿಯುವಾಗ ಗಾಳಿಯಂತೆ ಬಂದ ದಾರಿ ಹತ್ತುವಾಗ ಮುಗಿಯಲೇ ಇಲ್ಲ. ತಳ್ಳಿದೆ, ಓಡಿದೆ, ಮತ್ತೆ ತಳ್ಳಿದೆ. "ಧರ್ಮಾ" ಅಂತ ಕೂಗಿದೆ. ಯಾರೂ ಓ ಅನ್ನಲಿಲ್ಲ.

ನೆಲ್ಲಿಮರ ಸಿಕ್ಕಿತು. ನನ್ನ ಟೊಂಗೆ ಅಲ್ಲಿರಲಿಲ್ಲ. ಅಗಲವಾದ ಎಡದ ದಾರಿಯ ಮಣ್ಣಿನಲ್ಲಿ ಧರ್ಮನ ಟೈರಿನ ಗುರುತು ಹೋಗಿತ್ತು. ಆ ಟೈರು ಹಾಕಿದವನು ನಾನೇ, ಅಚ್ಚು ನನಗೆ ಗೊತ್ತಾಗದೇ ಇರುತ್ತಾ?

ಮರದ ಆಚೆ ತಿಟ್ಟಿನ ಮೇಲೆ ಒಬ್ಬ ಹೆಂಗಸು ಕೊಟ್ಟಿಗೆಗೆ ಹಾಸೋಕೆ ಸೊಪ್ಪಿನ ಹೊರೆ ಕಟ್ಟುತ್ತಿದ್ದಳು. ಹೊರೆಯ ಮೇಲೇ ನನ್ನ ನೆಲ್ಲಿ ಟೊಂಗೆ. ಒಂದು ಕಾಯಿ ಮಾತ್ರ ಉಳಿದಿತ್ತು.

"ಅವ್ವಾ, ಇದು ದಾರೀಲಿ ಬಿದ್ದಿತ್ತಲ್ಲ, ಯಾಕ್ ತಗೊಂಡೆ?" ಅಂತ ಅರಚಿದೆ.

ಆಕೆ ಹೆದರಲಿಲ್ಲ. ಬಾಯಲ್ಲಿದ್ದ ನೆಲ್ಲಿ ಬೀಜ ಉಗಿದು, "ಬಿದ್ದಿತ್ತು, ತಗೊಂಡೆ" ಅಂದಳು.

"ಅದು ಹಿಂದೆ ಬರೋನಿಗೆ ಹಾಕಿದ್ದು!"

"ಕಲ್ ಎಲ್ಲಿತ್ತಪ್ಪ?" ಅಂದಳು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಲೂ ಕೇಳಿದ್ದು. "ಕಲ್ಲಿಟ್ಟಿದ್ರೆ ನಾ ಮುಟ್ತಾನೇ ಇರ್ಲಿಲ್ಲ. ಇಲ್ಲೀ ಮಕ್ಳೂ ಮುಟ್ಟಲ್ಲ. ಕಲ್ಲಿಲ್ದ್ ಸೊಪ್ಪು ಬರೀ ಸೊಪ್ಪು ಅಲ್ವಾ?"

ಡಬ್ಬಿ ತೋರಿಸಿ ಧರ್ಮನ ವಿಷಯ ಹೇಳಿದೆ. ಕೇಳ್ತಾ ಕೇಳ್ತಾ ಆಕೆ ಹೊರೆಯ ಹಗ್ಗ ಕೈಬಿಟ್ಟಳು.

"ಆ ದಾರಿ ಎಲ್ಲಿಗೂ ಹೋಗಲ್ಲ ಕಣಪ್ಪ. ಹಳೇ ಏಲಕ್ಕಿ ತೋಟ. ಪಾಳು ಬಿದ್ದೈತೆ. ಈಗ ಹೊತ್ ಇಳಿಯೋ ಹೊತ್ತಿಗೆ ಆನೆ ನೀರಿಗೆ ಬತ್ತವೆ. ನಡಿ, ನಡಿ." ಕತ್ತಿಯನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ನನಗಿಂತ ಮುಂದೆ ಹೊರಟಳು. ದೇವಮ್ಮ ಅಂತ ಅವಳ ಹೆಸರು.

ಹಳೇ ಏಲಕ್ಕಿ ತೋಟ

ಎಡದ ದಾರಿ ಸ್ವಲ್ಪ ದೂರ ಹೋಗಿ ಪೊದೆಯೊಳಗೆ ಕರಗಿತು. ಟೈರಿನ ಗುರುತು ಒಣಗಿದ ಎಲೆ ಮೇಲೆ ಕಾಣದಾಯಿತು. ಒಂದು ಕಡೆ ಆನೆ ಲದ್ದಿ. ದೇವಮ್ಮ ಕಾಲಿನ ಬೆರಳಲ್ಲಿ ಒತ್ತಿ ನೋಡಿ, "ಬೆಳಗಿಂದು" ಅಂದಳು. ಸಮಾಧಾನಕ್ಕೆ ಅಂದಳೋ ನಿಜವೋ ಗೊತ್ತಾಗಲಿಲ್ಲ. ಅವನ ಹೆಂಡತಿಗೆ ಏನು ಹೇಳಲಿ, ಬೆಳಗಾದರೆ ಎದುರಿನ ಅಂಗಡಿ ಬಾಗಿಲು ಹಾಕಿರೋದನ್ನ ಹೇಗೆ ನೋಡಲಿ, ಬರೀ ಇದೇ ಯೋಚನೆ.

ಅಲ್ಲಿ ಮತ್ತೊಂದು ಕವಲು. ಕಾಲುದಾರಿಯಂಥದು ಎರಡು ಕಡೆ ಒಡೆದಿತ್ತು. ಎತ್ತ ಹೋದನಪ್ಪಾ ಅಂತ ನಿಂತೆ. ದೇವಮ್ಮ ಬೆರಳು ತೋರಿಸಿದಳು.

ಒಂದು ದಾರಿಗೆ ಅಡ್ಡಲಾಗಿ ಹಸಿ ಟೊಂಗೆ ಬಿದ್ದಿತ್ತು. ಅದರ ಮೇಲೆ ಕಲ್ಲು. ಒಂದಲ್ಲ, ಎರಡು.

"ಇದು ಮನ್ಸ ಹಾಕಿದ್ದು" ಅಂದಳು ದೇವಮ್ಮ.

ಇನ್ನೊಂದು ದಾರಿಗೆ ಓಡಿದೆವು. ದೇವಮ್ಮ ಕೈಯನ್ನ ಬಾಯಿಗೆ ಅಡ್ಡ ಹಿಡಿದು "ಕೂ" ಅಂತ ಕೂಗು ಹಾಕಿದಳು. ನಿಂತು ಕೇಳಿದೆವು. ಏನೂ ಇಲ್ಲ. ಇನ್ನೊಂದು ಸಲ ಕೂಗಿದಳು.

ಟ್ರಿಣ್.

ಬಹಳ ಮೆತ್ತಗೆ. ಸ್ವಲ್ಪ ಬಿಟ್ಟು ಮತ್ತೆ, ಟ್ರಿಣ್.

ಒಂದು ಮರದ ಬೇರಿನ ಮೇಲೆ ಧರ್ಮ ಮುಂದಕ್ಕೆ ಬಗ್ಗಿ ಕೂತಿದ್ದ. ಸೈಕಲ್ಲು ಪಕ್ಕಕ್ಕೆ ಬಿದ್ದಿತ್ತು, ಅವನ ಒಂದು ಕೈ ಮಾತ್ರ ಬೆಲ್ಲಿನ ಮೇಲಿತ್ತು. ಕೂಗೋಕೆ ಉಸಿರು ಇರಲಿಲ್ಲ, ಹೆಬ್ಬೆರಳೊಂದು ಆಡುತ್ತಿತ್ತು. ಅವನ ಎದೆಯ ಸಿಳ್ಳೆ ನಮಗೆ ದೂರಕ್ಕೇ ಕೇಳಿಸಿತು. ಮಾತ್ರೆ ಬಾಯಿಗಿಟ್ಟೆ, ದೇವಮ್ಮ ಎಲ್ಲಿಂದಲೋ ಬೊಗಸೆಯಲ್ಲಿ ನೀರು ತಂದಳು. ಅವನ ಬೆನ್ನು ನೀವುತ್ತಾ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಜೀವಮಾನದಲ್ಲಿ ಅಲ್ಲಾಡದೆ ಕೂತದ್ದು ಅಂದರೆ ಅದೊಂದೇ ಸಲ.

ತುಟಿಯ ಬಣ್ಣ ತಿರುಗಿದ ಮೇಲೆ ಕೇಳಿದೆ, "ಆ ಸೊಪ್ಪು ನೀ ಹಾಕಿದ್ದಾ?"

ಹೂಂ ಅಂತ ತಲೆ ಆಡಿಸಿದ.

"ಉಸುರಿಲ್ದೆ ಸಾಯ್ತಾ ಇದ್ದೋನು ಎರಡೆರಡು ಕಲ್ ಹೊತ್ಯಾ?"

"ನೀ ಹುಡುಕ್ಕೊಂಡ್ ಬತ್ತೀಯ ಅಂತ ಗೊತ್ತಿತ್ತು" ಅಂದ. ನಡುನಡುವೆ ಉಸಿರು ಎಳೆದುಕೊಂಡ. "ನೀ ಒಂದ್ ಕಡೆ ನಿಲ್ಲೋನಲ್ವಲ್ಲ."

ನಾನು ಅತ್ತುಬಿಟ್ಟೆ. ದೇವಮ್ಮ ಆ ಕಡೆ ತಿರುಗಿ ನಿಂತಳು.

ಹೊಂಗಡಹಳ್ಳ

ದೇವಮ್ಮ ನಮ್ಮನ್ನ ನೆಲ್ಲಿಮರದವರೆಗೆ ಬಿಟ್ಟು, "ಕಲ್ಲಿರ್ಲಿಲ್ಲ ಕಣಪ್ಪ, ಅದಕ್ಕೇ ಸೊಪ್ಪು ನಾ ತಗೊಂಡೆ" ಅಂತ ಧರ್ಮನಿಗೆ ಹೇಳಿ ತನ್ನ ಹೊರೆ ಎತ್ತಿಕೊಂಡಳು. ಎತ್ತೋಕೆ ನಾನು ಕೈ ಕೊಟ್ಟೆ. ಬದುವಿನ ಮೇಲಿನ ಸಾಮಾನು ಎತ್ತಿಕೊಂಡು, ಎರಡೂ ಸೈಕಲ್ಲು ಪಕ್ಕಪಕ್ಕದಲ್ಲಿ ತಳ್ಳಿಕೊಂಡು, ಧರ್ಮನ ಹೆಜ್ಜೆಗೆ ಹೆಜ್ಜೆ ಹಾಕಿ ಕತ್ತಲು ಕವಿಯುವ ಹೊತ್ತಿಗೆ ಹೊಂಗಡಹಳ್ಳ ಸೇರಿದೆವು. ಪುಟ್ಟರಾಜುವಿನ ಅಕ್ಕ ಬಿಸಿನೀರು ಕೊಟ್ಟು, ಕಡುಬು, ಕೋಳಿಸಾರು ಬಡಿಸಿದರು. ಧರ್ಮನ ಮುಖ ನೋಡಿದ ಪುಟ್ಟರಾಜುಗೆ ಏನೋ ಆಗಿದೆ ಅಂತ ಗೊತ್ತಾಗಿತ್ತು. ದಾರಿ ತಪ್ಪಿದ್ದನ್ನ ಕೇಳಿ ನನ್ನ ಕಡೆ ತಿರುಗಿದ.

"ನೆಲ್ಲಿಮರದತ್ರ ಸೊಪ್ಪಿನ್ ಮೇಲೆ ಕಲ್ಲಿಟ್ಟಿದ್ದೇನೋ ಲಿಂಗ?"

ನನ್ನ ಬಾಯಲ್ಲಿ ಕಡುಬು.

"ಇಟ್ಟಿದ್ದ" ಅಂದ ಧರ್ಮ. "ನಾ ಬರೋ ಹೊತ್ಗೆ ಆನೆ ನಿಂತಿತ್ತು ಕಣೋ ಅಲ್ಲಿ. ಸೊಂಡ್ಲಲ್ಲಿ ಕಲ್ಲೆತ್ತಿ ಅತ್ಲಾಗೆ ಬಿಸಾಕ್ತು, ಸೊಪ್ಪು ತಿಂದ್ಬುಡ್ತು. ನಾ ಹೆದ್ರಿ ಎಡಕ್ ಹೋಗ್ಬುಟ್ಟೆ." ಆಮೇಲೆ ಅಕ್ಕನ ಕಡೆ ತಿರುಗಿ, "ಇನ್ನೆರಡು ಕಡುಬು ಹಾಕವ್ವ" ಅಂದ.

ಆನೆ ಕತೆ ಹುಟ್ಟಿದ್ದು ಹಾಗೆ. ಆಮೇಲೆ ಅದಕ್ಕೆ ಕೊಂಬು ಬಂತು, ಮರಿ ಬಂತು. ಈಚೆಗೆ ಅದು ಧರ್ಮನ ಬೆಲ್ಲಿಗೆ ಹೆದರಿ ಓಡುತ್ತಂತೆ. ನಿಜವಾಗಿ ಏನಾಯಿತು ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಇಷ್ಟು ವರ್ಷದಲ್ಲಿ ಅವನು ಒಂದು ಸಲವೂ ಅದನ್ನ ಎತ್ತಿಲ್ಲ.

ಆನೆ ಇರಲಿಲ್ಲ ಕಣ್ರೀ. ಕಲ್ಲೂ ಇರಲಿಲ್ಲ. ಇಪ್ಪತ್ತು ಹೆಜ್ಜೆ ಹೋಗಿ ಬಗ್ಗೋಕೆ ನನಗೆ ಪುರುಸೊತ್ತಿರಲಿಲ್ಲ. ಇನ್ನು ಮೇಲೆ ನೀವು ಅಳತೆ ಕೊಡೋಕೆ ಹೋದಾಗ, ಧರ್ಮ "ಸೊಂಡ್ಲಲ್ಲಿ ಕಲ್ಲೆತ್ತಿ" ಅನ್ನೋ ಜಾಗಕ್ಕೆ ಬರುತ್ತಾನಲ್ಲ, ಆಗ ಒಂದು ಸಲ ಎದುರಿನ ಅಂಗಡಿ ಕಡೆ ನೋಡಿ. ಕಲ್ಲು ಇಡದೇ ಹೋದವನು ಅಲ್ಲೇ, ಪೆಟ್ಟಿಗೆ ಮೇಲೆ, ಸುಮ್ಮನೆ ಕೂತಿರ್ತಾನೆ.